ಕ್ಯಾಸೆಟ್ ಪಟ್ಟಿಯ ಕೆಲಸ: ಫೈಲ್ ಇದೆ, ಆದ್ರೆ ಪೈಥಾನ್ ‘ಇಲ್ಲ’ ಅನ್ನುತ್ತೆ

ಜೂನ್ 2

ಅಪ್ಪ ರೆಕಾರ್ಡ್ ಮಾಡಿಟ್ಟ ತಾಳಮದ್ದಳೆ ಕ್ಯಾಸೆಟ್ ಒಟ್ಟು 146. ಎರಡೂ ಬದಿ ಲೆಕ್ಕ ಹಿಡಿದರೆ 292 ಫೈಲ್. ಕಂಪ್ಯೂಟರ್‌ಗೆ ಇಳಿಸುವ ಕೆಲಸ ಹೋದ ತಿಂಗಳು ಮುಗಿಯಿತು. ಅರ್ಧ ನಾನು ಮಾಡಿದೆ, ಉಳಿದದ್ದನ್ನು ಭಾವ ಅವರ ಮನೆಯ ಹಳೇ ಮ್ಯಾಕ್‌ನಲ್ಲಿ ಮಾಡಿಕೊಟ್ಟರು. ಅಪ್ಪನ ನೋಟ್‌ಬುಕ್‌ನಲ್ಲಿದ್ದ ಪ್ರಸಂಗ, ಊರು, ತಾರೀಕು, ಅರ್ಥಧಾರಿಗಳ ಹೆಸರು ಎಲ್ಲ ಈಗ ಒಂದು ಸಿಎಸ್‌ವಿ ಪಟ್ಟಿಯಲ್ಲಿದೆ. ಇನ್ನು ಪೈಥಾನ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬೇಕು. ಪಟ್ಟಿ ಓದಬೇಕು, ಪ್ರತಿ ಫೈಲ್ ಎಷ್ಟು ನಿಮಿಷ ಇದೆ ನೋಡಬೇಕು, ಅಪ್ಪ ಫೋನಿನಲ್ಲಿ ಒತ್ತಿ ಕೇಳುವ ಹಾಗೆ ಒಂದು ಪುಟ ಮಾಡಿಕೊಡಬೇಕು. ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಓಡಿಸಿದ ತಕ್ಷಣ ಬಿತ್ತು. ಫೈಲ್‌ನಾಟ್‌ಫೌಂಡ್‌ಎರರ್ (ಫೈಲ್ ಸಿಗಲಿಲ್ಲ ಅನ್ನುವ ಎರರ್), ಎರ್ನೋ ಅಂದರೆ ಎರರ್ ಸಂಖ್ಯೆ 2. ಪಟ್ಟಿಯ ಫೈಲೇ ಸಿಗಲಿಲ್ಲವಂತೆ! ಇದು ಹಳೇ ತಪ್ಪು, ಎಷ್ಟು ಸಲ ಮಾಡಿದ್ದೇನೋ. ಬರೀ ಫೈಲ್ ಹೆಸರು ಕೊಟ್ಟರೆ ಪೈಥಾನ್ ಹುಡುಕುವುದು ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲಿ ಅಲ್ಲ, ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ನಾವು ಎಲ್ಲಿ ನಿಂತಿದ್ದೇವೋ ಆ ಫೋಲ್ಡರ್‌ನಲ್ಲಿ. ಸ್ಕ್ರಿಪ್ಟ್ ಇರುವ ಜಾಗದಿಂದಲೇ ಪೂರ್ತಿ ದಾರಿ ಕಟ್ಟುವ ಹಾಗೆ ಪೈಥಾನ್‌ನ ಪಾಥ್‌ಲಿಬ್ ಮಾಡ್ಯೂಲ್‌ನಲ್ಲಿ ಬರೆದೆ. ಮುಗೀತು.

ಜೂನ್ 5

ಪಟ್ಟಿಯಲ್ಲಿ ಇರುವ ಎಲ್ಲ ಫೈಲೂ ಇನ್ನೂ ಬಂದಿಲ್ಲ. ಭಾವ ಮ್ಯಾಕ್ ಹಿಡಿದುಕೊಂಡು ಮನೆಗೆ ಬಂದಿದ್ದಾರೆ, ಅದರಿಂದ ನನ್ನ ಲಿನಕ್ಸ್ ಡಬ್ಬಿಗೆ ಆರ್‌ಸಿಂಕ್ ಅನ್ನುವ ಪ್ರೋಗ್ರಾಮ್‌ನಲ್ಲಿ ಕಾಪಿ ಆಗುತ್ತಿದೆ. ಇಲ್ಲದ ಫೈಲ್ ಬಂದಾಗ ಸ್ಕ್ರಿಪ್ಟ್ ಬೀಳಬಾರದು ಅಂತ ಮೊದಲು ಎಕ್ಸಿಸ್ಟ್ಸ್ (ಫೈಲ್ ಇದೆಯಾ ಅಂತ ನೋಡುವ ಆಜ್ಞೆ) ಕೇಳಿ, ಇದ್ದರೆ ಮಾತ್ರ ಮುಂದೆ ಹೋಗುವ ಹಾಗೆ ಮಾಡಿದೆ. ಜೊತೆಗೆ ಫೋಲ್ಡರ್‌ನಲ್ಲಿ ಇರುವ ಎಲ್ಲದರ ಸೈಜ್ ಕೂಡಿಸುವ ಒಂದು ಸಣ್ಣ ಭಾಗ, ಅಲ್ಲೂ ಅದೇ ಚೆಕ್.

ಆದರೂ ಬಿತ್ತು! ಎರರ್‌ನಲ್ಲಿ ಇದ್ದ ಹೆಸರು ನೋಡಿದರೆ ಮುಂದೆ ಒಂದು ಚುಕ್ಕಿ, ಹಿಂದೆ ಅರ್ಥವಿಲ್ಲದ ಆರು ಅಕ್ಷರ. ನಾನು ಅಂಥ ಫೈಲ್ ಮಾಡಿಯೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಆರ್‌ಸಿಂಕ್ ನೇರವಾಗಿ ಕೊನೆಯ ಹೆಸರಲ್ಲಿ ಬರೆಯುವುದಿಲ್ಲ. ಮೊದಲು ಒಂದು ತಾತ್ಕಾಲಿಕ ಹೆಸರಲ್ಲಿ ಬರೆದು, ಕಾಪಿ ಪೂರ್ತಿ ಆದ ಮೇಲೆ ಹೆಸರು ಬದಲಿಸುತ್ತದೆ. ನಾನು ಇದೆಯಾ ಅಂತ ಕೇಳಿದಾಗ ಇತ್ತು. ಸೈಜ್ ಕೇಳುವಷ್ಟರಲ್ಲಿ ಹೆಸರು ಬದಲಾಗಿತ್ತು.

ಅಂದರೆ ಮೊದಲು ಕೇಳಿ ಆಮೇಲೆ ತೆರೆಯುವುದಕ್ಕೆ ಗ್ಯಾರಂಟಿ ಇಲ್ಲ. ಟ್ರೈ ಅಂತ ಹಾಕಿ ಸುಮ್ನೆ ತೆರೆಯಬೇಕು, ಸಿಗದಿದ್ದರೆ ಬರುವ ಎರರ್ ಅನ್ನು ಎಕ್ಸೆಪ್ಟ್ ಭಾಗದಲ್ಲಿ ಹಿಡಿಯಬೇಕು. ಪೈಥಾನ್ ಮಂದಿ ಯಾವಾಗಲೂ ಹೇಳುವ ಮಾತೇ ಇದು, ನನಗೆ ಏಟು ಬಿದ್ದ ಮೇಲೆ ಅರ್ಥವಾಯಿತು. ಎಕ್ಸಿಸ್ಟ್ಸ್‌ನದ್ದು ಇನ್ನೊಂದು ಕಥೆ ಇದೆ. ಫೋಲ್ಡರ್ ಒಳಗೆ ಹೋಗಲು ಪರ್ಮಿಷನ್ ಇಲ್ಲದಿದ್ದರೂ ಅದು ಇಲ್ಲ ಅನ್ನಬಹುದು. ಲಿಂಕ್ ಇದ್ದು ಅದು ತೋರಿಸುವ ಫೈಲ್ ಹೋಗಿದ್ದರೂ ಇಲ್ಲ ಅನ್ನುತ್ತದೆ. ಎಲ್ಲದಕ್ಕೂ ಒಂದೇ ಉತ್ತರ.

ಜೂನ್ 9

ಹೋದ ಸಲ ಕಲಿತ ಪಾಠವನ್ನು ಜಾಸ್ತಿಯೇ ಮಾಡಿಬಿಟ್ಟೆ. ಒಂದು ಕ್ಯಾಸೆಟ್‌ಗೆ ಸಂಬಂಧಪಟ್ಟ ಇಡೀ ಇಪ್ಪತ್ತು ಸಾಲನ್ನು ಒಂದೇ ಟ್ರೈ ಒಳಗೆ ತುರುಕಿದೆ. ಫೈಲ್‌ನಾಟ್‌ಫೌಂಡ್‌ಎರರ್ ಬಂದರೆ ಪುಟದಲ್ಲಿ ‘ಕ್ಯಾಸೆಟ್ ಸಿಗಲಿಲ್ಲ’ ಅಂತ ಬರೆದು ಮುಂದೆ ಹೋಗು. ಟರ್ಮಿನಲ್‌ನಿಂದ ಓಡಿಸಿದಾಗ ಬಹುಪಾಲು ಸರಿಯಾಗಿತ್ತು. ದಿನಾ ರಾತ್ರಿ ತಾನೇ ಓಡಲಿ ಅಂತ ಲಿನಕ್ಸ್‌ನ ಕ್ರಾನ್ ಅನ್ನುವ ವೇಳಾಪಟ್ಟಿಗೆ ಹಾಕಿ ಮಲಗಿದೆ.

ಬೆಳಿಗ್ಗೆ ಅಪ್ಪನ ಫೋನಿನಲ್ಲಿ 292ಕ್ಕೆ 292 ‘ಸಿಗಲಿಲ್ಲ’. ಅಪ್ಪ ಕ್ಯಾಸೆಟ್ ಪೆಟ್ಟಿಗೆಯನ್ನೇ ಹೊರಗೆ ತಂದಿಟ್ಟಿದ್ದರು. “ಎಲ್ಲ ಇಲ್ಲೇ ಇದೆಯಲ್ಲೋ, ಇಲ್ಲ ಅಂದ್ರೆ ಹೇಗೆ?”

ಸಿಗದೇ ಇದ್ದದ್ದು ಆಡಿಯೊ ಅಲ್ಲ, ಎಫ್‌ಎಫ್‌ಪ್ರೋಬ್. ಫೈಲ್ ಎಷ್ಟು ನಿಮಿಷ ಅಂತ ತಿಳಿಯಲು ನಾನು ಸಬ್‌ಪ್ರೊಸೆಸ್ (ಪೈಥಾನ್ ಒಳಗಿನಿಂದ ಬೇರೆ ಪ್ರೋಗ್ರಾಮ್ ಓಡಿಸುವ ಮಾಡ್ಯೂಲ್) ಮೂಲಕ ಆ ಪ್ರೋಗ್ರಾಮ್ ಅನ್ನು ಕರೆಯುತ್ತೇನೆ. ಅದು ಇರುವುದು ನನ್ನ ಹೋಮ್ ಫೋಲ್ಡರ್ ಒಳಗಿನ ಬಿನ್‌ನಲ್ಲಿ. ಟರ್ಮಿನಲ್‌ಗೆ ಆ ಜಾಗ ಗೊತ್ತು, ಕ್ರಾನ್‌ಗೆ ಗೊತ್ತಿಲ್ಲ. ಅದರ ಪಾಥ್, ಅಂದರೆ ಪ್ರೋಗ್ರಾಮ್ ಹುಡುಕುವ ಫೋಲ್ಡರ್‌ಗಳ ಪಟ್ಟಿ, ತುಂಬಾ ಚಿಕ್ಕದು. ಓಡಿಸಬೇಕಾದ ಪ್ರೋಗ್ರಾಮ್ ಸಿಗದಿದ್ದರೂ ಪೈಥಾನ್ ಎಸೆಯುವುದು ಇದೇ ಫೈಲ್‌ನಾಟ್‌ಫೌಂಡ್‌ಎರರ್. ತಮಾಷೆ ಅಂದರೆ, ಎಫ್‌ಎಫ್‌ಪ್ರೋಬ್ ಇದ್ದು ಆಡಿಯೊ ಫೈಲ್ ಇಲ್ಲದಿದ್ದರೆ ಈ ಎರರ್ ಬರುವುದೇ ಇಲ್ಲ! ಆಗ ಎಫ್‌ಎಫ್‌ಪ್ರೋಬ್ ತಾನೇ ಗೊಣಗಿ, ಸೊನ್ನೆ ಅಲ್ಲದ ಕೋಡ್ (ಕೆಲಸ ಆಗಲಿಲ್ಲ ಅನ್ನುವ ಸೂಚನೆ) ಕೊಟ್ಟು ಹೊರಗೆ ಬರುತ್ತದೆ. ಸಬ್‌ಪ್ರೊಸೆಸ್‌ಗೆ ಚೆಕ್ ಟ್ರೂ (ಕೆಲಸ ಆಗದಿದ್ದರೆ ಎರರ್ ಎಸೆ) ಅಂತ ಹಾಕದಿದ್ದರೆ ಪೈಥಾನ್ ಅದನ್ನು ಕಂಡೂ ಕಾಣದ ಹಾಗೆ ಮುಂದೆ ಹೋಗುತ್ತದೆ.

ಸರಿಮಾಡಿದ್ದು ಹೀಗೆ. ಆಡಿಯೊ ಫೈಲ್ ತೆರೆಯುವ ಒಂದೇ ಸಾಲು ಟ್ರೈ ಒಳಗೆ, ಉಳಿದದ್ದೆಲ್ಲ ಹೊರಗೆ. ಎಫ್‌ಎಫ್‌ಪ್ರೋಬ್ ಇದೆಯಾ ಅಂತ ಸ್ಕ್ರಿಪ್ಟ್ ಶುರುವಿನಲ್ಲೇ ನೋಡುವುದು, ಇಲ್ಲದಿದ್ದರೆ ಅಲ್ಲೇ ನಿಲ್ಲುವುದು. ಎಲ್ಲಕ್ಕಿಂತ ಮುಖ್ಯ, ‘ಸಿಗಲಿಲ್ಲ’ ಅಂತ ನಾನು ಬರೆದ ಮಾತಿನ ಬದಲು ಎರರ್ ಒಳಗಿರುವ ಫೈಲ್‌ನೇಮ್ ಅನ್ನೇ ಲಾಗ್‌ಗೆ ಹಾಕುವುದು. ಮೊದಲೇ ಹಾಕಿದ್ದರೆ 292 ಸಲ ‘ಎಫ್‌ಎಫ್‌ಪ್ರೋಬ್’ ಅಂತ ಕಾಣುತ್ತಿತ್ತು.

ಪೈಥಾನ್ 3.3ಕ್ಕೆ ಮೊದಲು, ಅಂದರೆ 2012ಕ್ಕೆ ಮೊದಲು, ಈ ಹೆಸರಿನ ಎರರ್ ಇರಲೇ ಇಲ್ಲ. ಐಒಎರರ್ ಅನ್ನುವ ಸಾಮಾನ್ಯ ಎರರ್ ಹಿಡಿದು, ಒಳಗಿನ ಎರ್ನೋ ಎರಡಾ ಅಂತ ನೋಡಬೇಕಿತ್ತು. ಆ ಎರಡಕ್ಕೆ ಸಿ ಭಾಷೆಯಲ್ಲಿ ಇರುವ ಹೆಸರು ಎನೋಎಂಟ್, ‘ನೋ ಎಂಟ್ರಿ’ಯ ಚುಟುಕು ರೂಪ. ಈ ಹೆಸರಿನಲ್ಲಿ ಎಂಟ್ರಿ ಇಲ್ಲ ಅನ್ನುವುದಷ್ಟೇ ಅದರ ಮಾತು. ಫೈಲ್ ಕಳೆದುಹೋಗಿದೆ ಅಂತ ಅದು ಯಾವತ್ತೂ ಹೇಳಿಲ್ಲ. ಇದು ಐದು ದಿನ ಬಿಟ್ಟು ಕೆಲಸಕ್ಕೆ ಬಂತು.

ಜೂನ್ 14

ಕಾಪಿ ಪೂರ್ತಿ ಆಗಿದೆ. ಫೋಲ್ಡರ್‌ನಲ್ಲಿ ಎಣಿಸಿದರೆ 291. ಒಂದು ಕಡಿಮೆ, ಅದು ಇರಲಿ. ಲಾಗ್ ಮಾತ್ರ 61 ಇಲ್ಲ ಅನ್ನುತ್ತಿದೆ. ಎಲ್ಲವೂ ಭಾವ ಮಾಡಿದ್ದು. ಆದರೆ ಭಾವ ಮಾಡಿದ್ದೆಲ್ಲ ಹೋಗಿಲ್ಲ. ‘ಕರ್ಣ ಪರ್ವ’ ಸಿಗುತ್ತದೆ, ‘ವಾಲಿ ಮೋಕ್ಷ’ ಇಲ್ಲ. ‘ಗದಾಯುದ್ಧ’ ಇದೆ, ‘ಭೀಷ್ಮ ವಿಜಯ’ ಇಲ್ಲ. ‘ಜಾಂಬವತಿ ಕಲ್ಯಾಣ’ ಇದೆ, ‘ವೀರಮಣಿ ಕಾಳಗ’ ಇಲ್ಲ. ಫೋಲ್ಡರ್ ತೆರೆದು ನೋಡಿದರೆ ‘ವಾಲಿ ಮೋಕ್ಷ’ ಕಣ್ಣ ಮುಂದೆಯೇ ಇದೆ. ಒತ್ತಿದರೆ ಭಾಗವತರ ಪದವೂ ಕೇಳುತ್ತದೆ.

ಪರ್ಮಿಷನ್ ನೋಡಿದೆ. ಹೆಸರಿನ ಕೊನೆಯಲ್ಲಿ ಸ್ಪೇಸ್ ಇದೆಯಾ ನೋಡಿದೆ. ಕೊನೆಗೆ ಎರಡೂ ಹೆಸರಿನ ಉದ್ದ ಎಣಿಸಿದೆ. ಪಟ್ಟಿಯ ‘ಮೋಕ್ಷ’ 5, ಫೋಲ್ಡರ್‌ನ ‘ಮೋಕ್ಷ’ 7!

ಬಿಡಿಬಿಡಿಯಾಗಿ ಪ್ರಿಂಟ್ ಮಾಡಿದಾಗ ಗೊತ್ತಾಯಿತು. ನನ್ನ ಕೀಬೋರ್ಡ್ ಓತ್ವವನ್ನು ಒಂದೇ ಚಿಹ್ನೆಯಾಗಿ ಇಡುತ್ತದೆ. ಮ್ಯಾಕ್‌ನಿಂದ ಬಂದ ಹೆಸರಿನಲ್ಲಿ ಅದೇ ಓತ್ವ ಮೂರು ತುಂಡು. ಎತ್ವ ಒಂದು, ಕೊಂಬಿನ ದೀರ್ಘ ಒಂದು, ಕೊನೆಗೆ ಆ ಪಕ್ಕದ ದೀರ್ಘ ಇನ್ನೊಂದು. ಒಂದನೇ ಕ್ಲಾಸಿನಲ್ಲಿ ನಾವು ಕೈಯಲ್ಲಿ ಬರೆದದ್ದೂ ಹೀಗೇ ಅಲ್ವಾ! ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಯ ಅಕ್ಷರಕ್ಕೂ ಸಂಖ್ಯೆ ಕೊಡುವ ಕ್ರಮ) ಎರಡೂ ಸರಿ, ಎರಡೂ ಒಂದೇ ಅಕ್ಷರ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಮಾದರಿಯ ಡಿಸ್ಕ್ ಹೆಸರುಗಳನ್ನು ಒಡೆದೇ ಇಡುತ್ತದೆ. ಲಿನಕ್ಸ್‌ಗೆ ಕನ್ನಡ ಬರುವುದಿಲ್ಲ, ಬೈಟ್‌ಗೆ ಬೈಟ್ ಹೋಲಿಸುತ್ತದೆ. ಬೈಟ್ ಬೇರೆ ಇದ್ದರೆ ಹೆಸರೂ ಬೇರೆ. ಎಂಟ್ರಿ ಇಲ್ಲ.

ಕನ್ನಡದಲ್ಲಿ ಹೀಗೆ ಒಡೆಯುವುದು ಐದೇ ಗುಣಿತ ಚಿಹ್ನೆ: ೀ, ೇ, ೈ, ೊ, ೋ. ಔತ್ವಕ್ಕೆ ಈ ಕಾಟ ಇಲ್ಲ, ಅದನ್ನು ಒಡೆಯುವ ನಿಯಮವೇ ಯೂನಿಕೋಡ್‌ನಲ್ಲಿ ಇಲ್ಲ. ಮತ್ತೆ ಪಟ್ಟಿ ನೋಡಿದೆ. ಭೀಷ್ಮ, ವೀರಮಣಿ, ಮೋಕ್ಷ, ಶರಸೇತು. ಕಾಣೆಯಾದದ್ದರಲ್ಲಿ ಹೆಚ್ಚು ಕಡಿಮೆ ಎಲ್ಲದರಲ್ಲೂ ಈ ಐದರಲ್ಲಿ ಒಂದಾದರೂ ಇದೆ. ಎದ್ದು ಹೋಗಿ ಕಾಫಿ ಮಾಡಿಕೊಂಡೆ.

ಜೂನ್ 15

ಫೈಲ್‌ಗಳ ಹೆಸರು ಬದಲಿಸಲಿಲ್ಲ. ಬದಲಿಸಿದರೆ ಮುಂದಿನ ಆರ್‌ಸಿಂಕ್‌ನಲ್ಲಿ ಎಲ್ಲ ಮತ್ತೊಮ್ಮೆ ಬಂದು ಕೂರುತ್ತದೆ. ಬದಲಿಗೆ ಶುರುವಿನಲ್ಲೇ ಫೋಲ್ಡರ್ ಓದಿ ಒಂದು ಡಿಕ್ಷನರಿ, ಅಂದರೆ ಜೋಡಿಪಟ್ಟಿ, ಮಾಡುತ್ತೇನೆ. ಹುಡುಕಲು ಬಳಸುವ ಕೀ ಜಾಗದಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಎನ್‌ಎಫ್‌ಸಿ (ಒಡೆದ ತುಂಡು ಕೂಡಿಸಿದ) ರೂಪಕ್ಕೆ ತಂದ ಹೆಸರು, ಪಕ್ಕದಲ್ಲಿ ಡಿಸ್ಕ್‌ನಲ್ಲಿ ಇರುವ ಹಾಗೇ ಇರುವ ದಾರಿ. ಪಟ್ಟಿಯ ಹೆಸರನ್ನೂ ಎನ್‌ಎಫ್‌ಸಿಗೆ ತಂದು ಅದರಲ್ಲಿ ಹುಡುಕುವುದು.

61 ಇದ್ದದ್ದು 3ಕ್ಕೆ ಇಳಿಯಿತು.

ಅದರಲ್ಲಿ ಎರಡು ‘ಗದಾಯುದ್ಧ ಪಾರ್ಟ್ 2’ರ ಎ ಮತ್ತು ಬಿ ಬದಿ. ‘ಪಾರ್ಟ್’ ಆದ ಮೇಲೆ, ಸ್ಪೇಸ್‌ಗೆ ಮೊದಲು, ಕಣ್ಣಿಗೆ ಕಾಣದ ಒಂದು ಝಡ್‌ಡಬ್ಲ್ಯುಎನ್‌ಜೆ ಕೂತಿತ್ತು. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಒತ್ತಕ್ಷರ ಆಗದಿರಲಿ ಅಂತ ಹಾಕುತ್ತೇವಲ್ಲ, ಅದು. ಇಲ್ಲಿ ಅದರಿಂದ ಏನೂ ಆಗುತ್ತಿಲ್ಲ, ಸುಮ್ನೆ ಇದೆ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ಕೀ ಮಾಡುವಾಗ ನಾನೇ ಕಿತ್ತುಹಾಕುವ ಸಾಲೊಂದು ಸೇರಿಸಿದೆ. ಹೆಸರು ತೋರಿಸುವಾಗ ಕೀಳುವುದಿಲ್ಲ, ಹೋಲಿಸುವಾಗ ಮಾತ್ರ.

ಜೂನ್ 21

ಒಂದು ವಾರ ಕ್ರಾನ್‌ನಲ್ಲಿ ಓಡಿದೆ, ಬಿದ್ದಿಲ್ಲ. ಈಗ ಸ್ಕ್ರಿಪ್ಟ್‌ಗೆ ‘ಇಲ್ಲ’ ಅನ್ನುವುದರಲ್ಲಿ ಬೇರೆ ಬೇರೆ ದಾರಿ ಇದೆ. ಪಟ್ಟಿಯ ಫೈಲ್, ಎಫ್‌ಎಫ್‌ಪ್ರೋಬ್, ಇಡೀ ಡಿಸ್ಕ್, ಇವುಗಳಲ್ಲಿ ಒಂದು ಇಲ್ಲದಿದ್ದರೂ ಅಲ್ಲೇ ನಿಂತುಬಿಡು, ಅಪ್ಪನ ಹಳೆಯ ಪುಟ ಹಾಗೇ ಇರಲಿ. ಒಂದು ಕ್ಯಾಸೆಟ್ ಮಾತ್ರ ಇಲ್ಲದಿದ್ದರೆ ಅದರ ಮುಂದೆ ಗುರುತು ಹಾಕಿ ಮುಂದೆ ಹೋಗು. ಎಣಿಸುತ್ತಿರುವಾಗಲೇ ಆರ್‌ಸಿಂಕ್ ಹೆಸರು ಬದಲಿಸಿದರೆ ಸುಮ್ಮನಿರು. ನಡುವೆ ಒಂದು ದಿನ ಹೊಸ ಫೋಲ್ಡರ್‌ಗೆ ಪುಟ ಬರೆಯಲು ಹೋಗಿ ಮತ್ತೆ ಇದೇ ಎರರ್ ತಿಂದೆ. ಬರೆಯಲು ತೆರೆದರೆ ಫೈಲ್ ತಾನೇ ಹುಟ್ಟುತ್ತದೆ, ಅದರ ಫೋಲ್ಡರ್ ಹುಟ್ಟುವುದಿಲ್ಲ. ಫೋಲ್ಡರ್ ಮಾಡುವ ಎಂಕೆಡಿರ್ ಒಂದು ಸಾಲು ಬೇಕಾಯಿತು.

ಉಳಿದ ಒಂದು ‘ಸುಧನ್ವ ಮೋಕ್ಷ’ದ ಬಿ ಬದಿ. ಅದು ನಿಜವಾಗಿಯೂ ಇಲ್ಲ. ಭಾವನಿಗೆ ಫೋನ್ ಮಾಡಿದರೆ, “ಅದರ ಟೇಪ್ ಸುತ್ತಿಕೊಂಡಿತ್ತು ಮಾರಾಯ, ಆಮೇಲೆ ಮಾಡೋಣ ಅಂತ ಬಿಟ್ಟಿದ್ದೆ” ಅಂದರು. ಶನಿವಾರ ಪೆನ್ಸಿಲ್ ಹಾಕಿ ಟೇಪ್ ಬಿಡಿಸಿ ನೋಡುತ್ತೇನೆ.