ಸ್ಯಾಂಡ್ಟನ್‌ನ ಸೌಕರ್ಯ

ಜೊಹಾನ್ಸ್‌ಬರ್ಗ್‌ಗೆ ಸಮ್ಮೇಳನಕ್ಕೆಂದು ಬರುವವರನ್ನು ಅಲ್ಲಿನ ವಾಣಿಜ್ಯ ಬಡಾವಣೆ ಸ್ಯಾಂಡ್ಟನ್ ಬಹಳ ಮುದ್ದು ಮಾಡುತ್ತದೆ. ವಿಮಾನ ನಿಲ್ದಾಣದಲ್ಲಿ ಗೌಟ್ರೇನ್ ಎಂಬ ವೇಗದ ರೈಲು ಹತ್ತಿದರೆ ಸುಮಾರು ಕಾಲು ಗಂಟೆಯ ಪ್ರಯಾಣ. ಸಭಾಂಗಣ, ಹೋಟೆಲು, ಮಾಲು ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. 2023ರ ಬ್ರಿಕ್ಸ್ ಶೃಂಗಸಭೆ ನಡೆದದ್ದೂ ಇಲ್ಲಿಯೇ. ಜೊಹಾನ್ಸ್‌ಬರ್ಗ್ ಇರುವ ಗೌಟೆಂಗ್, ವಿಸ್ತೀರ್ಣದಲ್ಲಿ ದಕ್ಷಿಣ ಆಫ್ರಿಕಾದ ಅತಿ ಚಿಕ್ಕ ಪ್ರಾಂತ್ಯ, ಆದರೂ ದೇಶದ ಆರ್ಥಿಕ ಉತ್ಪನ್ನದಲ್ಲಿ ಮೂರನೇ ಒಂದರಷ್ಟು ಇದರದೇ. ವ್ಯಾಪಾರಿಗಳು ಬರದೆ ಇರುತ್ತಾರೆಯೇ?

ನನಗೆ ಕೇಳಿದರೆ, ವಂದನಾರ್ಪಣೆಯ ಗೋಷ್ಠಿಯನ್ನು ಧಾರಾಳವಾಗಿ ತಪ್ಪಿಸಿ ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗೆಂದು ಮೀಸಲಿಟ್ಟಿದ್ದ ಸೊವೆಟೊಗೆ ಹೋಗಬೇಕು. ವರ್ಣಭೇದದ ವಿರುದ್ಧ ಹೋರಾಡಿದ ಮಂಡೇಲಾ, ಆರ್ಚ್‌ಬಿಷಪ್ ಟುಟು ಇಬ್ಬರ ಮನೆಗಳೂ ವಿಲಕಾಜಿ ಎಂಬ ಒಂದೇ ಬೀದಿಯಲ್ಲಿವೆ. ಸ್ಯಾಂಡ್ಟನ್‌ನ ಗಾಜಿನ ಕಟ್ಟಡಗಳಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಅಲೆಕ್ಸಾಂಡ್ರಾ ಎಂಬ ಬಡವರ ಬಡಾವಣೆಯ ತಗಡಿನ ಮನೆಗಳೂ ಇವೆ. ‘ಎಲ್ಲರನ್ನೂ ಒಳಗೊಳ್ಳುವ ಬೆಳವಣಿಗೆ’ಯ ಬಗ್ಗೆ ಭಾಷಣ ಮಾಡುವವರಿಗೆ ಇದಕ್ಕಿಂತ ಅನುಕೂಲವಾದ ಜಾಗ ಎಲ್ಲಿ ಸಿಕ್ಕೀತು!