ಟೋಕಿಯೋದ ಕಾಡು, ಉಜಿಯ ನೆರಳು

ಕಾಫಿ ಕೊಯ್ಲು ಮುಗಿದು, ಗಿಡ ಹೂ ಬಿಡಲು ಬೇಕಾದ ಹೂಮಳೆಯೂ ಬಿದ್ದ ಮೇಲೆ ಚಿಕ್ಕಮಗಳೂರಿನ ಬೆಳೆಗಾರರಿಗೆ ತುಸು ಬಿಡುವು ದೊರೆಯುತ್ತದೆ. ಆ ಬಿಡುವಿನಲ್ಲಿ, ಏಪ್ರಿಲ್ ಕೊನೆಯ ಭಾಗದಲ್ಲಿ, ನಾನು ಮತ್ತು ನನ್ನ ಪತ್ನಿ ಜಪಾನಿಗೆ ಹೊರಟ ಗುಂಪೊಂದನ್ನು ಸೇರಿಕೊಂಡೆವು. ಅದರಲ್ಲಿ ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯವರೇ ಹೆಚ್ಚಾಗಿದ್ದರು. ಟೋಕಿಯೋ, ಕ್ಯೋಟೋಗಳಲ್ಲಿ ಚೆರ್ರಿ ಹೂವಿನ ಕಾಲ ಅಷ್ಟರಲ್ಲಿ ಮುಗಿದಿತ್ತು. 3,776 ಮೀಟರ್ ಎತ್ತರದ ಫ್ಯೂಜಿ ಪರ್ವತವು ನಾವು ಹೋದ ದಿನ ಮೋಡ ಬಿಟ್ಟು ಹೊರಬರಲಿಲ್ಲ. ಆದರೂ ಜೀವನವಿಡೀ ಮರಗಳ ಕೆಳಗೇ ದುಡಿದ ನಮ್ಮಂಥವರಿಗೆ ಆ ದೇಶ ತೋರಿಸಬೇಕಾದದ್ದನ್ನು ತೋರಿಸಿತು.

ಮೊದಲನೆಯದು ಟೋಕಿಯೋ ನಗರದ ನಡುವೆ ಇರುವ ಮೇಜಿ ದೇಗುಲದ ಕಾಡು. ಮರದಿಂದ ಮಾಡಿದ ದೊಡ್ಡ ತೋರಣದ್ವಾರವನ್ನು ದಾಟಿ ಒಳಗೆ ಕಾಲಿಟ್ಟೊಡನೆ ವಾಹನಗಳ ಸದ್ದು ಕ್ಷೀಣಿಸಿತು, ಗಾಳಿ ತಂಪಾಯಿತು, ಮತ್ತು ನಮ್ಮಲ್ಲಿ ಹಲವರು ಇದು ನಮ್ಮ ದೇವರಕಾಡುಗಳಂತೆ ಪುರಾತನವಾದದ್ದೆಂದೇ ಭಾವಿಸಿದರು. ನಮಗೆ ಮಾರ್ಗದರ್ಶಿಯಾಗಿದ್ದ ಜಪಾನಿ ಮಹಿಳೆ ಹೇಳಿದ್ದು ಬೇರೆಯೇ ಕಥೆ. 1912ರಲ್ಲಿ ತೀರಿಕೊಂಡ ಮೇಜಿ ಚಕ್ರವರ್ತಿಯ ಸ್ಮರಣೆಗಾಗಿ 1920ರಲ್ಲಿ ಪ್ರತಿಷ್ಠಾಪಿಸಲಾದ ಈ ದೇಗುಲದ ಸುತ್ತಲಿನ ಸುಮಾರು 170 ಎಕರೆ ಕಾಡನ್ನು ಮನುಷ್ಯರೇ ನೆಟ್ಟು ಬೆಳೆಸಿದ್ದಾರೆ. ದೇಶದ ಎಲ್ಲ ಕಡೆಗಳಿಂದ ಜನರು ಸುಮಾರು ಒಂದು ಲಕ್ಷ ಗಿಡಗಳನ್ನು ಕಾಣಿಕೆಯಾಗಿ ಕಳುಹಿಸಿದರು. ಯುವಕರು ಊರೂರುಗಳಿಂದ ಬಂದು ಶ್ರಮದಾನ ಮಾಡಿದರು.

ಈ ಕಾಡಿನ ಹಿಂದಿರುವ ವಿಚಾರ ನನಗೆ ಇನ್ನೂ ದೊಡ್ಡದೆನಿಸಿತು. ಆಗಿನ ಪ್ರಧಾನಿ ಓಕುಮಾ ಶಿಗೆನೊಬು ಅವರು ಹಳೆಯ ದೇಗುಲಗಳಲ್ಲಿರುವಂತೆ ಇಲ್ಲಿಯೂ ನೇರವಾಗಿ ಬೆಳೆಯುವ ಸೀಡರ್ ಮರಗಳೇ ಇರಬೇಕೆಂದು ಬಯಸಿದ್ದರು. ಆದರೆ ಅರಣ್ಯ ವಿಜ್ಞಾನಿ ಹೋಂಡಾ ಸೇರೋಕು ಮತ್ತು ಅವರ ಸಂಗಡಿಗರು ನಗರದ ಹೊಗೆಯಲ್ಲಿ ಆ ಜಾತಿ ಬಾಳುವುದಿಲ್ಲವೆಂದು ವಾದಿಸಿ, ಕರ್ಪೂರ ಮರ, ಓಕ್ ಮೊದಲಾದ ಅಗಲ ಎಲೆಯ ನಿತ್ಯಹರಿದ್ವರ್ಣದ ಮರಗಳನ್ನು ಆರಿಸಿದರು. ಮೊದಲು ಪೈನ್ ಮರಗಳು ಎತ್ತರಕ್ಕೆ ನಿಂತು, ಕ್ರಮೇಣ ಅವು ಅಳಿದು, ಕೆಳಗಿನವು ಮೇಲೆದ್ದು, ನೂರು ನೂರೈವತ್ತು ವರ್ಷಗಳಲ್ಲಿ ಕಾಡು ತನ್ನನ್ನು ತಾನೇ ಪೋಷಿಸಿಕೊಳ್ಳುವ ಸ್ಥಿತಿ ತಲುಪಬೇಕೆಂಬುದು ಅವರ ಯೋಜನೆಯಾಗಿತ್ತು. ತಾವು ಬದುಕಿದ್ದು ಕಾಣಲಾರದ ಕಾಡನ್ನು ಅವರು ಹಂತ ಹಂತವಾಗಿ ಕಾಗದದ ಮೇಲೆ ಬರೆದಿಟ್ಟಿದ್ದರು. 1945ರ ಬಾಂಬ್ ದಾಳಿಯಲ್ಲಿ ದೇಗುಲದ ಮುಖ್ಯ ಕಟ್ಟಡಗಳು ಸುಟ್ಟುಹೋದವು, 1958ರಲ್ಲಿ ಅವುಗಳನ್ನು ಮತ್ತೆ ಕಟ್ಟಲಾಯಿತು. ಕಾಡು ಮಾತ್ರ ಉಳಿದುಕೊಂಡಿತು.

"ಹಾಗಾದರೆ ಇಲ್ಲಿ ಮರಗಸಿ, ಅಂದರೆ ಮರದ ಕೊಂಬೆ ಇಳಿಸುವ ಕೆಲಸ, ಮಾಡುವುದೇ ಇಲ್ಲವೇ?" ಎಂದು ಸಕಲೇಶಪುರದ ಹಿರಿಯರೊಬ್ಬರು ಕೇಳಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ, ದಾರಿಯ ಮೇಲೆ ಬಿದ್ದ ಎಲೆಗಳನ್ನು ಗುಡಿಸುವವರು ಅವನ್ನು ಹೊರಗೆ ಸಾಗಿಸದೆ ಮರಗಳ ಬುಡಕ್ಕೇ ಹಿಂದಿರುಗಿಸುತ್ತಾರೆಂದು ಮಾರ್ಗದರ್ಶಿ ವಿವರಿಸಿದರು. ತರಗೆಲೆಯ ಬೆಲೆ ತಿಳಿದ ನಮ್ಮ ಗುಂಪು ಆ ಮಾತಿಗೆ ಮನಸಾರೆ ತಲೆದೂಗಿತು.

ಮಾರ್ಗದರ್ಶಿಯಿಲ್ಲದೆ ಹೋಗಿದ್ದರೆ ಅದೊಂದು ಚೆಂದದ ನಡಿಗೆಯಷ್ಟೇ ಆಗುತ್ತಿತ್ತು. ಗುಂಪು ಪ್ರವಾಸದಲ್ಲಿ ಸಮಯ ನಮ್ಮದಲ್ಲ ಎಂಬ ಕೊರತೆ ನಿಜ. ಆದರೆ ತಿಳಿದವರು ಜೊತೆಗಿರುವುದರ ಲಾಭ ಅದಕ್ಕಿಂತ ಹೆಚ್ಚು. ಸಸ್ಯಾಹಾರಿಗಳಿಗಂತೂ ಇದು ಅವಶ್ಯಕ. ತರಕಾರಿ ಸಾರಿನಂತೆ ಕಾಣುವ ಎಷ್ಟೋ ಪದಾರ್ಥಗಳಿಗೆ ಒಣ ಮೀನಿನಿಂದ ತೆಗೆದ ರಸವೇ ಮೂಲ. ಕ್ಯೋಟೋದಲ್ಲಿ ನಮಗೆ ಬಡಿಸಿದ ಬೌದ್ಧ ಸನ್ಯಾಸಿಗಳ ಪದ್ಧತಿಯ ಊಟದಲ್ಲಿ ಮಾತ್ರ ಆ ರಸವನ್ನು ಕಡಲ ಪಾಚಿ ಮತ್ತು ಒಣಗಿಸಿದ ಅಣಬೆಯಿಂದ ತೆಗೆದಿದ್ದರು. ಸೋಯಾ ಹಾಲಿನಿಂದ ಮಾಡಿದ ತೋಫುವನ್ನು ನನ್ನ ಪತ್ನಿ ಎರಡನೆಯ ಬಾರಿ ಕೇಳಿ ಹಾಕಿಸಿಕೊಂಡಳು.

ನಾರಾದ ತೋದೈಜಿ ದೇಗುಲದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನನ್ನು ನೋಡಿದೆವು. 752ರಲ್ಲಿ ಕುಂಚದಿಂದ ಕಣ್ಣುಗಳನ್ನು ಬರೆದು ಆ ಪ್ರತಿಮೆಯ ಕಣ್ಣು ತೆರೆಸಿದವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಅವರು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದು ಪುಣ್ಯದಲ್ಲಿ ಪಾಲು ಪಡೆದರಂತೆ. ಅದನ್ನು ಕೇಳಿದಾಗ ನನ್ನ ಕಣ್ಣು ತುಂಬಿತು.

ನಾರಾದಿಂದ ಕ್ಯೋಟೋಗೆ ಹಿಂದಿರುಗುವ ದಾರಿಯಲ್ಲಿ ಚಹಾ ಬೆಳೆಯುವ ಊರಾದ ಉಜಿ ಇದೆ. ಮಚ್ಚಾ ಎಂಬ ಹಸಿರು ಚಹಾ ಪುಡಿಗೆ ಬೇಕಾದ ಚಹಾ ಗಿಡಗಳಿಗೆ ಅಲ್ಲಿ ಕೊಯ್ಲಿಗೆ ಸುಮಾರು ಮೂರು ವಾರ ಮುಂಚೆ ಚಪ್ಪರ ಹಾಕಿ ಬಿಸಿಲು ತಡೆಯುತ್ತಾರೆ. ಹಿಂದೆ ಜೊಂಡಿನ ಚಾಪೆಯ ಮೇಲೆ ಹುಲ್ಲು ಹರಡುತ್ತಿದ್ದರು. ಈಗ ಹೆಚ್ಚಿನ ಕಡೆ ಕಪ್ಪು ಪರದೆ ಬಂದಿದೆ. ಬಿಸಿಲು ಬಿದ್ದರೆ ಎಲೆಯಲ್ಲಿನ ಥಿಯಾನಿನ್ ಎಂಬ ಅಂಶ ಒಗರು ಕೊಡುವ ಅಂಶವಾಗಿ ಮಾರ್ಪಡುತ್ತದೆ. ನೆರಳಿನಲ್ಲಿ ಆ ಬದಲಾವಣೆ ನಿಧಾನವಾಗುವುದರಿಂದ ರುಚಿ ಮೃದುವಾಗಿ, ಎಲೆಯ ಹಸಿರು ಗಾಢವಾಗುತ್ತದೆ. ತೋಟದ ಯಜಮಾನರು ಚಪ್ಪರದ ಅಂಚನ್ನು ಮೇಲೆತ್ತಿ ಒಳಗಿನ ಎಲೆಯನ್ನೂ ಹೊರಗಿನ ಎಲೆಯನ್ನೂ ನಮ್ಮ ಕೈಗಿತ್ತರು. ಬಣ್ಣದ ವ್ಯತ್ಯಾಸ ಯಾರಿಗೂ ವಿವರಿಸಬೇಕಾಗಿರಲಿಲ್ಲ. ನಮ್ಮಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿಗಳ ಕೆಳಗೆ ಕಾಫಿಗೆ ವರ್ಷವಿಡೀ ನೆರಳಿರುತ್ತದೆ, ಮಳೆಗಾಲಕ್ಕೆ ಮುಂಚೆ ಕೊಂಬೆ ಇಳಿಸಿ ಬೆಳಕನ್ನು ಹದ ಮಾಡುತ್ತೇವೆ ಎಂದು ಹೇಳಿದಾಗ, ಅವರು ಎಷ್ಟು ಕೊಂಬೆ, ಯಾವ ತಿಂಗಳು, ಮರ ಹತ್ತುವವರು ಇನ್ನೂ ಸಿಗುತ್ತಾರೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಕೊನೆಯ ಪ್ರಶ್ನೆಗೆ ಸಕಲೇಶಪುರದ ಹಿರಿಯರು ಕೊಟ್ಟ ಉತ್ತರವನ್ನು ಕೇಳಿ, ತಮ್ಮಲ್ಲೂ ಕೈಯಿಂದ ಚಿಗುರು ಬಿಡಿಸುವವರಿಗೆ ವಯಸ್ಸಾಗುತ್ತಿದೆ ಎಂದರು.

ಅಂದು ಸಂಜೆ ಅಂಗಡಿ ಬೀದಿಗೆ ಹೋಗುವ ಕಾರ್ಯಕ್ರಮವಿತ್ತು. ಅದನ್ನು ಬಿಟ್ಟು ಇಲ್ಲಿಯೇ ಇರೋಣವೆಂದು ಗುಂಪಿನವರೆಲ್ಲ ಒಪ್ಪಿದ್ದರಿಂದ, ಎಲೆಗಳನ್ನು ಹಬೆಯಲ್ಲಿಟ್ಟು, ಒಣಗಿಸಿ, ಕಲ್ಲಿನಲ್ಲಿ ಬೀಸುವವರೆಗಿನ ಕೆಲಸವನ್ನೆಲ್ಲ ನೋಡಿಯೇ ಹೊರಟೆವು.