ಕರೂರು ಹೋಬಳಿ ನಕ್ಷೆ: ಬಸ್ ನಿಲ್ದಾಣದಿಂದ ಕೊನೆಯ ಮನೆಯವರೆಗೆ

ಕರೂರು ಹೋಬಳಿಯ ನಕ್ಷೆ ಒಂದು ಹದಕ್ಕೆ ಬಂದಿದೆ. ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆ ದಡದಲ್ಲಿರುವ ಈ ಊರುಗಳಲ್ಲಿ ಎಷ್ಟು ಜನರಿದ್ದಾರೆ, ಬಸ್ ಹತ್ತಲು ಅವರು ಎಷ್ಟು ದೂರ ನಡೆಯಬೇಕು ಎಂಬ ಎರಡನ್ನೂ ಒಂದೇ ನಕ್ಷೆಯಲ್ಲಿ ಕಾಣಿಸುವುದು ನನ್ನ ಉದ್ದೇಶ.

ಜನಸಂಖ್ಯೆಗೆ ಈಗಲೂ 2011ರ ಜನಗಣತಿಯ ಗ್ರಾಮವಾರು ಪಟ್ಟಿಯೇ ಆಧಾರ. ಅದೇ ಪಟ್ಟಿಯಲ್ಲಿ ಬಸ್ಸಿಗೂ ಒಂದು ಕಲಂ ಇದೆ. ಗ್ರಾಮಕ್ಕೆ ಬಸ್ ಬರುತ್ತಿದ್ದರೆ ‘ಇದೆ’. ಬಾರದಿದ್ದರೆ, ಅದು ಸಿಗುವ ಜಾಗ 5 ಕಿ.ಮೀ. ಒಳಗಿದ್ದರೆ ‘ಎ’, 5ರಿಂದ 10ರವರೆಗೆ ‘ಬಿ’, ಅದಕ್ಕೂ ದೂರವಾದರೆ ‘ಸಿ’. ಬಯಲುಸೀಮೆಗೆ ಇಷ್ಟು ಸಾಕು. ಅಲ್ಲಿ ಮನೆಗಳು ಒತ್ತೊತ್ತಾಗಿವೆ, ಬಸ್ ಬಂದರೆ ಇಡೀ ಊರಿಗೆ ಬಂದಂತೆ. ಮಲೆನಾಡಿನ ಕಂದಾಯ ಗ್ರಾಮ ಹಾಗಲ್ಲ. ತೋಟದ ತಲೆಗೊಂದು ಮನೆ, ಬ್ಯಾಣದ (ಹುಲ್ಲುಗಾವಲಿನ) ಆಚೆ ನಾಲ್ಕು ಮನೆ, ಹಳ್ಳ ದಾಟಿದರೆ ಇನ್ನೊಂದು ಕೇರಿ. ಟಾರು ರಸ್ತೆ ಗ್ರಾಮದ ಒಂದು ಮೂಲೆಯನ್ನು ಮುಟ್ಟಿ ಹೋದರೂ ಪಟ್ಟಿಯಲ್ಲಿ ಎಲ್ಲರಿಗೂ ‘ಇದೆ’.

ಆದ್ದರಿಂದ ಗ್ರಾಮವನ್ನು ಬಿಟ್ಟು ಮನೆಯನ್ನೇ ಅಳತೆಯ ಮೂಲವಾಗಿ ಇಟ್ಟುಕೊಂಡಿದ್ದೇನೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳನ್ನು ನಕ್ಷೆ ರಚಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿ ಮನೆಗಳನ್ನು ಗುರುತಿಸುತ್ತಿದ್ದೇನೆ. ಅಡಿಕೆ ಮರಗಳ ನೆರಳಿನಲ್ಲಿ ಎಷ್ಟೋ ಹೆಂಚಿನ ಮಾಡುಗಳು ಚಿತ್ರಕ್ಕೆ ಸಿಗುವುದೇ ಇಲ್ಲ. ಅಂಥ ಕಡೆ ಮೊಬೈಲ್‌ನಲ್ಲಿ ಜಿಪಿಎಸ್ ಹಾಕಿಕೊಂಡು ನಡೆಯುವುದೇ ದಾರಿ. ಹೀಗೆ ಹಿಡಿದ ಒಂದು ಜಾಡು ಹೀಗಿದೆ: ನಿಲ್ದಾಣದಿಂದ ಕೆಂಪು ಮಣ್ಣಿನ ಗಾಡಿ ದಾರಿ, ಉಣುಗೋಲು (ಬೇಲಿಯ ಅಡ್ಡಗೋಲಿನ ಬಾಗಿಲು), ಗದ್ದೆಯ ಅಂಚು, ಆಮೇಲೆ ಎರಡು ಅಡಿಕೆ ದಬ್ಬೆ (ಸೀಳಿದ ಕಾಂಡ) ಜೋಡಿಸಿ ಬಿದಿರಿನ ಹಿಡಿಕೆ ಕಟ್ಟಿದ ಕಾಲುಸಂಕ, ಅಲ್ಲಿಂದ ದರೆ ಹತ್ತಿದರೆ ಮನೆ. ಬೇಸಿಗೆಯಲ್ಲಿ ಹಳ್ಳಕ್ಕೆ ಇಳಿದು ಹತ್ತಬಹುದು. ಆಷಾಢದಲ್ಲಿ ಸಂಕ ಮುಳುಗಿದರೆ ಶಾಲೆಯ ಮಕ್ಕಳು ಗುಡ್ಡ ಸುತ್ತಿಯೇ ಬರಬೇಕು. ಹಾಗಾಗಿ ಪ್ರತಿ ಮನೆಗೂ ಬೇಸಿಗೆಯ ದೂರ, ಮಳೆಗಾಲದ ದೂರ ಎಂದು ಎರಡು ಕಲಂ ಇಟ್ಟಿದ್ದೇನೆ. ಇಡೀ ಕೆಲಸದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಈ ಎರಡನೆಯ ಕಲಂ.

ಹಿನ್ನೀರಿನ ಮೇಲೆ ಕಟ್ಟಿದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ನಕ್ಷೆಗೆ ಇನ್ನೊಂದು ಪದರ ಸೇರಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಂದಿನಿಂದ ಇದೇ ಹೋಬಳಿಯ ತುಮರಿಯ ಕಡೆಯವರು ನೇರವಾಗಿ ಸಾಗರಕ್ಕೆ ಹೋಗಬೇಕೆಂದರೆ ಹಿನ್ನೀರು ದಾಟಲೇಬೇಕಿತ್ತು; ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ದಾರಿ ಮುಚ್ಚಿದಂತೆಯೇ. ಈಗ ರಾತ್ರಿಯೂ ಆಂಬುಲೆನ್ಸ್ ಬರಬಹುದು. ಇದು ದೊಡ್ಡ ಬದಲಾವಣೆ, ಅಲ್ಲಿನವರು ದಶಕಗಳ ಕಾಲ ಕೇಳಿ ಪಡೆದದ್ದು. ಆದರೆ ಮನೆಯಿಂದ ಟಾರು ರಸ್ತೆಯವರೆಗಿನ ನಡಿಗೆ ಸೇತುವೆಯಿಂದ ಒಂದು ಮಾರೂ ಕಡಿಮೆಯಾಗಿಲ್ಲ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ನೇ ಇಸವಿಯಲ್ಲಿ ಶುರುವಾದಾಗ ಬಯಲು ಪ್ರದೇಶದಲ್ಲಿ 500 ಜನರಿರುವ, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವ ಜನವಸತಿಗಳಿಗೆ ರಸ್ತೆ ಎಂದು ನಿಗದಿಯಾಯಿತು. ನಾಲ್ಕನೆಯ ಹಂತದಲ್ಲೂ ಸ್ಥೂಲವಾಗಿ ಇದೇ ಲೆಕ್ಕ. ಗುಡ್ಡಗಾಡು ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಇಲ್ಲ. ನಾಲ್ಕು ಮನೆಯ ಕೇರಿ 500ರ ಗೆರೆಯನ್ನು ಯಾವ ಕಾಲಕ್ಕೂ ಮುಟ್ಟಲಾರದು. ಘಟ್ಟದ ಜನವಸತಿಗೆ ಬೇರೆಯೇ ಮಾನದಂಡ ಬೇಕು ಎನ್ನಲು ನನ್ನ ನಕ್ಷೆ ಒಂದು ಆಧಾರವಾದರೆ ಪಟ್ಟ ಶ್ರಮ ಸಾರ್ಥಕ.

ನಿಲ್ದಾಣಗಳಲ್ಲಿ ಸರ್ಕಾರಿ ಬಸ್ಸಿಗೂ ಖಾಸಗಿ ಬಸ್ಸಿಗೂ ಬೇರೆ ಬೇರೆ ಬಣ್ಣ ಕೊಟ್ಟಿದ್ದೇನೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ ಮಾತ್ರ ಬರುವ ಊರಿನ ಹೆಂಗಸರು ಟಿಕೆಟ್ ತೆಗೆದುಕೊಳ್ಳಲೇಬೇಕು.

ಇನ್ನು ಉಳಿದಿರುವುದು ಬೇಚರಾಕ್ (ಜನವಸತಿಯಿಲ್ಲದ) ಗ್ರಾಮಗಳನ್ನು ನಕ್ಷೆಯಿಂದ ಬೇರ್ಪಡಿಸುವ ಕೆಲಸ ಮತ್ತು ಬಸ್ಸಿನ ವೇಳಾಪಟ್ಟಿ. ದಿನಕ್ಕೆ ಒಂದೇ ಸಲ ಬರುವ ಬಸ್ಸನ್ನೂ ಗಂಟೆಗೊಂದು ಬರುವ ಬಸ್ಸನ್ನೂ ‘ಇದೆ’ ಎಂದೇ ಬರೆಯಲು ಮನಸ್ಸು ಒಪ್ಪುವುದಿಲ್ಲ. 2027ರ ಗಣತಿಯ ಅಂಕಿಗಳು ಬರುವ ಮೊದಲು ಇವೆರಡನ್ನೂ ಮುಗಿಸಬೇಕು. ಆ ಕಡೆಯವರು ತಮ್ಮ ಕೇರಿಯ ಕಾಲುಸಂಕ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ನೀರಿನಡಿ ಇರುತ್ತದೆ ಎಂದು ತಿಳಿಸಿದರೆ ಕೂಡಲೇ ಸೇರಿಸುತ್ತೇನೆ.